ಹಗ್ಗ ಇಲ್ಲದೆ ಹೊರಟವನು

ಮಂಗಳವಾರ ರಾತ್ರಿ ಅಮ್ಮ ಒಂದು ಮಾತು ಕೇಳಿದಳು. ಅವತ್ತಿನಿಂದ ಅದು ತಲೆಯಿಂದ ಇಳಿದಿಲ್ಲ.

"ನಿನಗಿಂತ ಮುಂಚೆ ಇವನು ಹೋಗಿದ್ದ ಅಂತ ನಿಂಗೆ ಹೇಳಿದ್ರಾ?"

ಕೇಳಿದ್ದು ಒಂದು ಗೇಮ್ ಬಗ್ಗೆ. ಅದೂ 1997ರಲ್ಲಿ ಬಂದ ಹಳೇ ಗೇಮ್, ಮೊದಲನೇ ಫಾಲ್‌ಔಟ್. 2024ರಲ್ಲಿ ಅದೇ ಹೆಸರಿನ ಸೀರಿಯಲ್ ಬಂತಲ್ಲ, ಅದನ್ನು ನೋಡಿದ ಮೇಲೆ ಆಸೆ ಹುಟ್ಟಿತ್ತು. ಆಡಲು ಕೂರುವಷ್ಟರಲ್ಲಿ ಇಷ್ಟು ದಿನ ಆಯ್ತು. ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು "ಆಡೋದಾದ್ರೆ ಮೊದಲನೇದರಿಂದ ಆಡು, ಉಳಿದಿದ್ದೆಲ್ಲ ಸುಮ್ನೆ" ಅಂದಿದ್ದ. ಅವನು ಅಂಥವನೇ. ದೋಸೆಗೂ ಮೂಲ ಹೋಟೆಲ್ ಯಾವುದು ಅಂತ ಹೇಳಿಯೇ ತಿನ್ನಲು ಬಿಡುವವನು.

ಅಮ್ಮ ಮಂಡಿನೋವು ತೋರಿಸಲು ಕಡೂರಿನ ಕಡೆಯಿಂದ ಬಂದಿದ್ದಳು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಈ ವಾರ ಬೋರ್‌ವೆಲ್ ಕೈಕೊಟ್ಟಿತ್ತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಉಳಿದ ಹೊತ್ತು ಟ್ಯಾಂಕರ್ ದಾರಿ ಕಾಯೋದು. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಎಲ್ಲರನ್ನೂ ಬಯ್ಯುತ್ತಿದ್ದರು. ಅಮ್ಮ ಮಾತ್ರ ಬಕೆಟ್ಟು, ಕೊಡ, ಪಾತ್ರೆ, ಕೊನೆಗೆ ಕುಕ್ಕರಿನಲ್ಲೂ ನೀರು ತುಂಬಿಟ್ಟು ಹಾಯಾಗಿದ್ದಳು.

ಅಂಥ ರಾತ್ರಿಯಲ್ಲಿ ನಾನು ಗೇಮ್ ಶುರು ಮಾಡಿದೆ. ಅದರ ಕಥೆಯೂ ನೀರಿಂದೇ. 2077ರಲ್ಲಿ ಅಣುಬಾಂಬ್ ಯುದ್ಧ ಆಗಿ ಜಗತ್ತು ಸುಟ್ಟುಹೋಗಿದೆ. ಕ್ಯಾಲಿಫೋರ್ನಿಯಾದ ಒಂದು ಬೆಟ್ಟದೊಳಗೆ, ವಾಲ್ಟ್ 13 ಎಂಬ ದೊಡ್ಡ ಬಂಕರಿನಲ್ಲಿ, ಒಂದಿಷ್ಟು ಜನ ತಲೆಮಾರುಗಳಿಂದ ಬದುಕಿದ್ದಾರೆ. 2161ರ ಡಿಸೆಂಬರ್‌ನಲ್ಲಿ ಅವರ ನೀರಿನ ಯಂತ್ರದ ಚಿಪ್ ಕೆಡುತ್ತದೆ. ಓವರ್‌ಸಿಯರ್ ಎಂಬ ಯಜಮಾನ ನಮ್ಮನ್ನು ಕರೆದು, ಹೊರಗೆ ಹೋಗಿ ಹೊಸ ಚಿಪ್ ತಾ ಅನ್ನುತ್ತಾನೆ. 150 ದಿನ ಟೈಮು. ಅಷ್ಟೇ. ಕೈಗೊಂದು ಪಿಸ್ತೂಲು ಕೊಟ್ಟು ಬಾಗಿಲು ಹಾಕಿಬಿಡುತ್ತಾರೆ.

ಶುರುವಿನಲ್ಲೇ ನಾನು ಎಡವಿದ್ದೆ. ನಮ್ಮ ಪಾತ್ರವನ್ನು ನಾವೇ ಕಟ್ಟಬೇಕು. ಶಕ್ತಿ, ಬುದ್ಧಿ, ಚುರುಕು, ಅದೃಷ್ಟ ಹೀಗೆ ಏಳು ಗುಣ. ಎಲ್ಲದಕ್ಕೂ ಐದೈದು ಅಂಕ ಇರುತ್ತದೆ, ಮೇಲೆ ಇನ್ನೈದು ಹಂಚಲು ಕೊಡುತ್ತಾರೆ. ನಾನು ಮಾತಿನ ಮಲ್ಲನಾಗಲು ಹೋಗಿ ವರ್ಚಸ್ಸಿಗೆ ಸುರಿದೆ, ಚುರುಕನ್ನು ನಾಲ್ಕಕ್ಕೆ ಇಳಿಸಿದೆ. ಹೊಡೆದಾಟದಲ್ಲಿ ಒಂದು ಸರದಿಗೆ ಎಷ್ಟು ಕೆಲಸ ಮಾಡಬಹುದು ಅನ್ನೋದು ಈ ಚುರುಕಿನ ಮೇಲೆ ನಿಂತಿದೆ. ನಾಲ್ಕಿದ್ದರೆ ಏಳು ಪಾಯಿಂಟು. ಪಿಸ್ತೂಲಿನ ಒಂದು ಗುಂಡಿಗೆ ಐದು ಖರ್ಚು. ಅಂದರೆ ಒಂದೇ ಗುಂಡು, ಆಮೇಲೆ ಸುಮ್ಮನೆ ನಿಂತು ಕಚ್ಚಿಸಿಕೊಳ್ಳೋದು. ಚುರುಕು ಹತ್ತಿದ್ದರೆ ಎರಡು ಗುಂಡು. ಪಕ್ಕದವನಿಗೆ ಇದೆಲ್ಲ ಬಾಯಿಪಾಠ. ಮೊದಲೇ ಹೇಳಬಹುದಿತ್ತು ಅಲ್ವಾ? "ಸಾಯದೆ ಕಲಿಯೋಕಾಗಲ್ಲ" ಅಂದ.

ನಾನು ಸತ್ತಿದ್ದು ಇಲಿಗಳ ಕೈಯಲ್ಲಿ. ವಾಲ್ಟಿನ ಬಾಗಿಲ ಆಚೆ ಒಂದು ಗುಹೆ, ಅದರ ತುಂಬಾ ಇಲಿ. ಜಗತ್ತೇ ಮುಳುಗಿಹೋದ ಮೇಲೆ ಬೆಂಗಳೂರಿನ ಇಂಜಿನಿಯರ್ ಇಲಿ ಕಚ್ಚಿ ಸತ್ತ. ಎರಡು ಸಲ.

ಮೂರನೇ ಸಲ ಶುರು ಮಾಡುವಾಗ ಅಮ್ಮ ಹಾಲು ತಂದುಕೊಟ್ಟು ಪಕ್ಕದಲ್ಲಿ ಕೂತಳು. ಆ ಬಾಗಿಲ ಎದುರಿಗೇ ಒಂದು ಹೆಣ ಬಿದ್ದಿರುತ್ತದೆ. ಎರಡು ಸಲವೂ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ. ಅದರ ಹತ್ತಿರ ಇದ್ದದ್ದನ್ನು ಎತ್ತಿಕೊಂಡು ಇಲಿಗಳ ಕಡೆ ಹೋಗಿದ್ದೆ, ಅಷ್ಟೇ.

"ಅದ್ಯಾರು?" ಅಂದಳು ಅಮ್ಮ.

ಮೌಸ್ ಇಟ್ಟು ನೋಡಿದೆ. "ಎಡ್ ಅಂತೆ. ಸತ್ತಿದ್ದಾನೆ ಅಂತ ಬರೆದಿದೆ."

"ಹೆಸರು ಗೊತ್ತು ಅಂದ್ರೆ ನಿಮ್ಮೂರವನೇ ತಾನೆ?"

ಹೌದಲ್ಲ ಅನ್ನಿಸಿತು. ಹೊರಗಿನ ಜಗತ್ತಿನಲ್ಲಿ ನನ್ನ ಪಾತ್ರಕ್ಕೆ ಒಬ್ಬರ ಪರಿಚಯವೂ ಇಲ್ಲ. ಹುಟ್ಟಿದಾಗಿನಿಂದ ಆ ಬಾಗಿಲು ದಾಟಿದವನೇ ಅಲ್ಲ. ಮತ್ತೆ ಇವನ ಹೆಸರು ಹೇಗೆ ಗೊತ್ತಾಯ್ತು? ಇವನೂ ವಾಲ್ಟಿನವನೇ ಇರಬೇಕು. ಇದೇ ಕೆಲಸಕ್ಕೆ ಕಳಿಸಿದ್ದಾರೆ. ಬಾಗಿಲಿಂದ ನಾಲ್ಕು ಹೆಜ್ಜೆಯಲ್ಲೇ ಮುಗಿದಿದ್ದಾನೆ. ಆ ಯಜಮಾನ ಇಷ್ಟುದ್ದ ಮಾತಾಡಿ ಇದೊಂದನ್ನು ಬಾಯಿಬಿಟ್ಟಿರಲಿಲ್ಲ. ಆಗಲೇ ಅಮ್ಮ ಅದನ್ನು ಕೇಳಿದ್ದು. ಹೇಳಿದ್ರಾ ಅಂತ.

"ಇಲ್ಲ" ಅಂದೆ.

"ಒಳ್ಳೇ ಜನ" ಅಂದಳು. ಅಮ್ಮನ ಬಾಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಗೇಮ್ ಅಲ್ಲಿಗೆ ನಿಂತಿತು. ಅವಳು ಬಾವಿ ಕಥೆ ತೆಗೆದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ನನ್ನ ಕಿವಿಗೆ ಬೀಳದ ಕಥೆ. ಅವಳು ಚಿಕ್ಕವಳಿದ್ದಾಗ, ಬರದ ವರ್ಷದಲ್ಲಿ, ತೋಟದ ಬಾವಿಯನ್ನು ಇನ್ನಷ್ಟು ಆಳ ತೋಡಿಸುತ್ತಿದ್ದರಂತೆ. ಎಷ್ಟೋ ದಿನ ಮುಚ್ಚಿದಂತಿದ್ದ ಬಾವಿಗೆ ಇಳಿಯುವ ಮುಂಚೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಸುತ್ತಾರೆ. ದೀಪ ಆರಿದರೆ ಕೆಳಗೆ ಗಾಳಿ ಕೆಟ್ಟಿದೆ ಅಂತ ಲೆಕ್ಕ, ಯಾರೂ ಇಳಿಯಬಾರದು. ಅವತ್ತು ಯಾಕೋ ಆತುರ, ದೀಪ ಇಳಿಸಲಿಲ್ಲ. ಇಳಿದ ಆಳು ಅರ್ಧಕ್ಕೇ ತಲೆಸುತ್ತಿ ಬಿದ್ದ. ಸೊಂಟಕ್ಕೆ ಹಗ್ಗ ಇದ್ದುದರಿಂದ ಎಳೆದುಕೊಂಡರು, ಬದುಕಿದ. ಅವನನ್ನು ಮರದ ಕೆಳಗೆ ಮಲಗಿಸಿ, ಊರಾಚೆಯಿಂದ ಇನ್ನೊಬ್ಬನನ್ನು ಕರೆತಂದರು. ಕೆಳಗೆ ಬಿದ್ದ ಹಾರೆ, ಬುಟ್ಟಿ ತರಬೇಕಿತ್ತಲ್ಲ. ಮೊದಲನೆಯವನಿಗೆ ಏನಾಯ್ತು ಅಂತ ಇವನಿಗೆ ಯಾರೂ ಹೇಳಲಿಲ್ಲ. ಹೇಳಿದರೆ ಕೂಲಿ ಜಾಸ್ತಿ ಕೇಳುತ್ತಾನೆ. ಅವನು ಪಂಚೆ ಕಟ್ಟುತ್ತಿದ್ದಾಗ ಅಮ್ಮನ ಅಜ್ಜಿ ಅಡುಗೆಮನೆಯಿಂದ ಓಡಿಬಂದು ಕೂಗಿದಳಂತೆ: "ಹೇಳಿ ಇಳಿಸ್ರೋ!"

"ಇಳಿದ್ನಾ?" ಅಂದೆ.

"ಹೇಳಿದ ಮೇಲೆ ಇಳಿದ. ದೀಪ ಬಿಟ್ಟು ನೋಡಿ, ಮಾರನೇ ದಿನ ಇಳಿದ. ದುಪ್ಪಟ್ಟು ಕೂಲಿ ಇಸ್ಕೊಂಡ."

ಕೂಲಿ ಉಳಿಸಲು ಬಾಯಿ ಮುಚ್ಚಿಕೊಂಡವರು ನನ್ನ ತಾತನ ಮನೆಯವರೇ. ಅಮ್ಮ ಅದನ್ನು ಮುಚ್ಚಿಡಲೂ ಇಲ್ಲ, ಅದಕ್ಕೊಂದು ಸಬೂಬೂ ಕೊಡಲಿಲ್ಲ. ಆ ಅಜ್ಜಿಯ ಫೋಟೋ ಊರ ಮನೆಯ ಗೋಡೆಯಲ್ಲಿದೆ. ಕಣ್ಣು ಕಿರಿದು ಮಾಡಿಕೊಂಡು, ಕ್ಯಾಮೆರಾದವನ ಮೇಲೂ ನಂಬಿಕೆ ಇಲ್ಲದವಳ ಹಾಗೆ ಕೂತಿದ್ದಾಳೆ. ಇಷ್ಟು ದಿನ ಸಿಡುಕಿ ಅಂದುಕೊಂಡಿದ್ದೆ.

ಬುಧವಾರ ಅಮ್ಮನೇ "ಹಾಕು ಅದನ್ನ" ಅಂದಳು. ಈ ಸಲ ಚುರುಕಿಗೆ ಅಂಕ ಸುರಿದು, ಗುಹೆಯ ಪ್ರತಿ ತಿರುವಿನಲ್ಲೂ ಸೇವ್ ಮಾಡಿಕೊಂಡು ಹೊರಗೆ ಬಂದೆ. ಪೂರ್ವಕ್ಕೆ ಹೋಗಿ ವಾಲ್ಟ್ 15 ಎಂಬ ಇನ್ನೊಂದು ಬಂಕರಿನಲ್ಲಿ ಚಿಪ್ ಹುಡುಕು ಅಂತ ಯಜಮಾನನ ಅಪ್ಪಣೆ. ದಾರಿಯಲ್ಲಿ ಶೇಡಿ ಸ್ಯಾಂಡ್ಸ್ ಎಂಬ ಹಳ್ಳಿ. ಹೊಲ, ಬಾವಿ, ಮಣ್ಣಿನ ಮನೆ, ದನ. ದನಕ್ಕೆ ಎರಡು ತಲೆ, ಅದೊಂದು ಬೇರೆ. ಕೈಯಲ್ಲಿ ಪಿಸ್ತೂಲು ಹಿಡಿದು ಊರೊಳಗೆ ಬರಬೇಡ, ಒಳಗಿಡು ಅನ್ನುತ್ತಾರೆ. "ಸರಿಯಾಗೇ ಹೇಳಿದ್ರು" ಅಂದಳು ಅಮ್ಮ. ಊರಿನ ಮುಖಂಡ ಅರಾದೇಶ್ ಮಾತಿನ ಮಧ್ಯೆ ಧರ್ಮ ಅನ್ನುತ್ತಾನೆ. ಅಮ್ಮ ಕಿವಿ ನಿಮಿರಿಸಿದಳು. "ಧರ್ಮ ಅಂದ್ನಾ? ನಮ್ಮ ಕಡೆಯವನಾ?" ಇಂಗ್ಲಿಷ್ ಸಂಭಾಷಣೆಯಲ್ಲಿ ಅವಳಿಗೆ ಹಿಡಿದದ್ದು ಅದೊಂದೇ ಪದ, ಆದರೆ ಆ ಊರು ಅವಳಿಗೆ ಪೂರ್ತಿ ಹಿಡಿಸಿತು. ದನಗಳನ್ನು ಕೊಲ್ಲುವ ದೊಡ್ಡ ಚೇಳುಗಳನ್ನು ನಾನು ಕೊಂದುಕೊಡಬೇಕು ಅಂತ ಅವಳ ಒತ್ತಾಯ. ದಿನ ಖರ್ಚಾಗುತ್ತೆ, 150ರಲ್ಲೇ ಮುಗಿಸಬೇಕು ಅಂದೆ. "ಊಟ ಹಾಕೋ ಊರಿಗೆ ಅಷ್ಟೂ ಮಾಡಲ್ವಾ?" ಊಟ ಯಾರೂ ಹಾಕಿರಲಿಲ್ಲ. ಆದರೂ ಕೊಂದೆ. ಗಾಯಕ್ಕೆ ಮಲಗಿ ಎದ್ದಿದ್ದರಲ್ಲೇ ದಿನಗಳು ಹೋದವು.

ಆಮೇಲೆ ವಾಲ್ಟ್ 15. ಗುಡಿಸಲೊಳಗೆ ಒಂದು ರಂಧ್ರ, ಕೆಳಗೆ ಮತ್ತೆ ಗುಹೆ, ಮತ್ತೆ ಇಲಿ. ಲಿಫ್ಟ್ ಇರಬೇಕಾದ ಕಡೆ ಬರೀ ಕತ್ತಲ ಗುಂಡಿ. ಇಳಿಯಲು ಹಗ್ಗ ಬೇಕು. ನನ್ನ ಹತ್ತಿರ ಇಲ್ಲ.

ಅಮ್ಮ ಸ್ಕ್ರೀನ್ ನೋಡಿದಳು. ನನ್ನನ್ನು ನೋಡಿದಳು. "ನೀರು ಹುಡುಕೋಕೆ ಹೊರಟವನು ಹಗ್ಗ ತಗೊಳ್ದೆ ಹೋದ್ಯಾ?"

ಉತ್ತರ ಇರಲಿಲ್ಲ. ಮತ್ತೆ ಹಳ್ಳಿಗೆ ವಾಪಸ್ ನಡೆದೆ.

ಗುರುವಾರ ಈ ಕಥೆ ಹೇಳಿದ್ದಕ್ಕೆ ಪಕ್ಕದವನು ನಕ್ಕು ನಕ್ಕು, ಕಾಫಿ ಚೆಲ್ಲಿಕೊಂಡ. ನಗುವಿನ ಮಧ್ಯೆ ಎರಡು ಗುಟ್ಟು ಬಿಟ್ಟುಕೊಟ್ಟ. ಬೇಕಾದ್ದನ್ನು ಹೇಳದೆ, ಬೇಡದ್ದನ್ನು ಹೇಳೋದರಲ್ಲಿ ಅವನ ಸಮ ಯಾರೂ ಇಲ್ಲ. ಒಂದು, ಮುಂದೆ ಹಬ್ ಎಂಬ ಊರು ಸಿಗುತ್ತದೆ. ಅಲ್ಲಿನ ನೀರು ವ್ಯಾಪಾರಿಗಳಿಗೆ ದುಡ್ಡು ಕೊಟ್ಟರೆ ವಾಲ್ಟಿಗೆ ನೀರು ಕಳಿಸುತ್ತಾರೆ, 100 ದಿನ ಜಾಸ್ತಿ ಸಿಗುತ್ತದೆ. ದುಡ್ಡು ಅಂದರೆ ಸೋಡಾ ಬಾಟಲಿಯ ಮುಚ್ಚಳ. ಎರಡನೇದು, ವಾಲ್ಟ್ 15ರಲ್ಲಿ ಚಿಪ್ ಇಲ್ಲ. ಎಷ್ಟೇ ಹಗ್ಗ ತಂದು ಇಳಿದರೂ ಕೊನೆಗೆ ಕಾಣೋದು ಕಲ್ಲು ಮಣ್ಣಿನ ರಾಶಿ.

ಮೊದಲನೇದನ್ನು ಅಮ್ಮನಿಗೆ ಹೇಳಿದೆ. "ಅಲ್ಲೂ ಟ್ಯಾಂಕರಾ!" ಅಂತ ಮಂಡಿ ಹಿಡಿದುಕೊಂಡು ನಕ್ಕಳು.

ಶುಕ್ರವಾರ ಅವಳನ್ನು ರೈಲು ಹತ್ತಿಸಿ ಬಂದೆ. ಕುಕ್ಕರಿನಲ್ಲಿ ಇನ್ನೂ ನೀರಿತ್ತು.

ನಿನ್ನೆ ಸಂಜೆ ಫೋನ್ ಮಾಡಿದಳು. ಮಂಡಿ ವಿಷಯ ಹೇಳಲಿಲ್ಲ, ಊಟ ಆಯ್ತಾ ಅಂತಲೂ ಕೇಳಲಿಲ್ಲ.

"ನೀರು ಸಿಕ್ತಾ?"

"ಬೆಳಿಗ್ಗೆ ಎರಡು ಟ್ಯಾಂಕರ್ ಬಂತಮ್ಮ."

"ಅದಲ್ಲ ಕಣೋ. ಆ ಗುಹೆಯವರಿಗೆ."

"ಇಲ್ಲ. ಹಗ್ಗ ಈಗ ಸಿಕ್ಕಿದೆ. ಇವತ್ತು ರಾತ್ರಿ ಇಳೀತೀನಿ."

"ಸಿಗುತ್ತೆ ಬಿಡು" ಅಂದಳು. "ದೀಪ ಬಿಟ್ಟು ನೋಡಿ ಇಳಿ."

ಹ್ಞೂಂ ಅಂದೆ. ಆ ಎರಡನೇ ಗುಟ್ಟು ಬಾಯಿಯವರೆಗೆ ಬಂತು. ಹೇಳಲಿಲ್ಲ.