ಸಾಲಿನಲ್ಲಿ ಹಿಂದೆ ಸರಿದ ಹುಡುಗಿ

ದೈಹಿಕ ಶಿಕ್ಷಣ ಮತ್ತು ಆರೋಗ್ಯ ಶಿಕ್ಷಕರ ತರಬೇತಿಗೆ ಸೇರಿದಾಗ, ಓಟ, ಜಿಗಿತ, ಎಸೆತಗಳಲ್ಲಿ ನನಗಿದ್ದ ಪಳಗಿಕೆಯೇ ಸಾಕಾದೀತೆಂದು ನಂಬಿದ್ದೆ. ಇಂದಿನ ಅಭ್ಯಾಸ ಪಾಠದಲ್ಲಿ ಆ ನಂಬಿಕೆ ಸಡಿಲವಾಯಿತು. ಚೆಂಡು ಹಿಡಿಯಲು ನಿಂತಿದ್ದ ಸಾಲಿನಲ್ಲಿ ಒಬ್ಬ ಹುಡುಗಿ, ತನ್ನ ಸರದಿ ಹತ್ತಿರ ಬಂದಾಗಲೆಲ್ಲ ಬಗ್ಗಿ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತ, ಹಿಂದಿದ್ದವರನ್ನು ಮುಂದಕ್ಕೆ ಬಿಡುತ್ತಿದ್ದಳು. ಇಡೀ ಅವಧಿಯಲ್ಲಿ ಅವಳು ಚೆಂಡನ್ನು ಮುಟ್ಟಿದ್ದು ಒಂದೇ ಸಲ. ಮೈ ಬಿಸಿ ಮಾಡುವ ವ್ಯಾಯಾಮದಿಂದ ಹಿಡಿದು ಕೊನೆಯ ವಿಶ್ರಾಂತಿಯವರೆಗೆ ಪ್ರತಿ ನಿಮಿಷದ ಲೆಕ್ಕವಿದ್ದ ನನ್ನ ಪಾಠಯೋಜನೆಯಲ್ಲಿ, ಕಾಯುತ್ತ ನಿಲ್ಲುವ ಮಗುವಿನ ಬಗ್ಗೆ ಒಂದು ಮಾತೂ ಇರಲಿಲ್ಲ.

5ರಿಂದ 17 ವರ್ಷದೊಳಗಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದನ್ನು ಬಾಯಿಪಾಠ ಮಾಡಿದ್ದ ನಾನೇ ಇಪ್ಪತ್ತು ಮಕ್ಕಳನ್ನು ಒಂದು ಚೆಂಡಿಗಾಗಿ ಸಾಲು ನಿಲ್ಲಿಸಿದ್ದೆ. ಬೆಳಿಗ್ಗೆಯಷ್ಟೇ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ, ಹೃದಯ ನಿಂತವರನ್ನು ಉಳಿಸುವ ಅಭ್ಯಾಸಕ್ಕೆಂದು ಬೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವಾಗ ಒಂದು ಎಣಿಕೆಯೂ ತಪ್ಪದಂತೆ ಎಚ್ಚರ ವಹಿಸಿದ್ದ ನನಗೆ, ಮಧ್ಯಾಹ್ನ ಕಣ್ಣೆದುರಿನ ಮಗುವಿನ ಅಂಜಿಕೆ ಕಾಣಲು ಅರ್ಧ ತಾಸು ಹಿಡಿಯಿತು.

ಮುಂದಿನ ಪಾಠಕ್ಕೆ ಸಾಲೇ ಬೇಡವೆಂದು ನಿರ್ಧರಿಸಿದ್ದೇನೆ. ಇಬ್ಬರಿಗೊಂದು ಮೆತ್ತನೆಯ ಚೆಂಡು, ನಡುವೆ ಮೂರು ಹೆಜ್ಜೆಯ ಅಂತರ. ಎಲ್ಲರೂ ಆಡುತ್ತಿರುವಾಗ ಚೆಂಡು ಕೈಜಾರಿದ್ದನ್ನು ಯಾರೂ ಗಮನಿಸುವುದಿಲ್ಲ. ಅವಳು ಒಪ್ಪಿದರೆ, ಮೊದಲ ಕೆಲವು ಎಸೆತಗಳಿಗೆ ನಾನೇ ಅವಳ ಎದುರು ನಿಲ್ಲುತ್ತೇನೆ.