ನಂದಿ ಇಳಿಜಾರಿನಲ್ಲಿ ಸ್ಲಿಪ್ಪರ್ ಕ್ಲಚ್ಚಿನ ಕೆಲಸ

ಮುಂಜಾನೆ ನಂದಿ ಬೆಟ್ಟದಿಂದ ಇಳಿಯುವಾಗ ರಸ್ತೆ ಮಂಜಿಗೆ ಒದ್ದೆಯಾಗಿರುತ್ತದೆ. ತಿರುವು ಹತ್ತಿರ ಬಂತೆಂದು ನಾಲ್ಕನೇ ಗೇರಿನಿಂದ ಎರಡಕ್ಕೆ ಇಳಿಸಿ ಕ್ಲಚ್ ಫಕ್ಕನೆ ಬಿಟ್ಟರೆ ಹಿಂದಿನ ಚಕ್ರ ಕುಪ್ಪಳಿಸುತ್ತದೆ, ಇಲ್ಲವೇ ಪಕ್ಕಕ್ಕೆ ಜಾರುತ್ತದೆ. ಬ್ರೇಕ್ ಹಿಡಿದಾಗ ಚಕ್ರ ನಿಂತುಬಿಡದಂತೆ ನೋಡಿಕೊಳ್ಳುವ ಎಬಿಎಸ್ ಇದ್ದರೂ ಇಲ್ಲಿ ಕೈಹಿಡಿಯುವುದಿಲ್ಲ. ಅದು ಸಡಿಲಿಸುವುದು ಬ್ರೇಕಿನ ಒತ್ತಡವನ್ನು. ಇಲ್ಲಿ ಚಕ್ರವನ್ನು ಹಿಡಿದಿರುವುದು ಎಂಜಿನ್. ಆ ಹಿಡಿತವನ್ನು ತಾನಾಗಿಯೇ ಸಡಿಲಿಸುವುದು ಸ್ಲಿಪ್ಪರ್ ಕ್ಲಚ್.

ನಾಲ್ಕನೇ ಗೇರಿನ ಅನುಪಾತ 1.2, ಎರಡನೆಯದು 1.8 ಎಂದಿಟ್ಟುಕೊಳ್ಳಿ. 5,000 ಆರ್‌ಪಿಎಂನಲ್ಲಿದ್ದ (ನಿಮಿಷಕ್ಕೆ ಅಷ್ಟು ಸುತ್ತು) ಎಂಜಿನ್ ಅದೇ ವೇಗದಲ್ಲಿ ಒಮ್ಮೆಗೇ 7,500ಕ್ಕೆ ಏರಬೇಕು. ಥ್ರಾಟಲ್ ಮುಚ್ಚಿರುವುದರಿಂದ ಆ ಶಕ್ತಿ ಹಿಂದಿನ ಟೈರಿನಿಂದಲೇ ಬರಬೇಕು. ಮುಂದಿನ ಬ್ರೇಕ್ ಹಿಡಿದು ಭಾರವೆಲ್ಲ ಮುಂದಕ್ಕೆ ವಾಲಿದ್ದರೆ, ನೆಲ ಕಚ್ಚಿ ನಿಲ್ಲುವ ಬಲ ಆ ಟೈರಿಗೆ ಇರುವುದಿಲ್ಲ. ದೊಡ್ಡ ಪಿಸ್ಟನ್ನಿನ ಸಿಂಗಲ್ ಸಿಲಿಂಡರ್ ಬೈಕುಗಳಲ್ಲಿ ಈ ಹೊಡೆತ ಇನ್ನೂ ಜೋರು.

ಸಾಮಾನ್ಯ ಕ್ಲಚ್ಚಿನಲ್ಲಿ ಎಂಜಿನ್ನಿನ ತಿರುಗುಬಲವನ್ನು ಗೇರುಗಳಿಗೆ ದಾಟಿಸುವ ಪ್ಲೇಟುಗಳನ್ನು ಒತ್ತಿ ಹಿಡಿಯುವುದು ಸ್ಪ್ರಿಂಗುಗಳು ಮಾತ್ರ. ತಿರುಗುಬಲ ಯಾವ ಕಡೆಯಿಂದ ಬಂದರೂ ಹಿಡಿತ ಒಂದೇ. ಸ್ಲಿಪ್ಪರ್ ಕ್ಲಚ್ಚಿನಲ್ಲಿ ಹಬ್ಬಿಗೂ (ಗೇರ್‌ಬಾಕ್ಸಿಗೆ ಜೋಡಿಸಿದ ನಡುಭಾಗ) ಪ್ರೆಶರ್ ಪ್ಲೇಟಿಗೂ (ಉಳಿದ ಪ್ಲೇಟುಗಳನ್ನು ಒತ್ತುವ ತಟ್ಟೆ) ನಡುವೆ ಓರೆಯಾಗಿ ಕಡೆದ ಹಲ್ಲುಗಳಿರುತ್ತವೆ. ಚಕ್ರವೇ ಎಂಜಿನ್ನನ್ನು ತಿರುಗಿಸಲು ಹೊರಟಾಗ ಈ ಓರೆಗಳು ಒಂದರ ಮೇಲೊಂದು ಏರಿ ಪ್ರೆಶರ್ ಪ್ಲೇಟನ್ನು ಸ್ಪ್ರಿಂಗುಗಳ ವಿರುದ್ಧ ಕೂದಲೆಳೆಯಷ್ಟು ಎತ್ತುತ್ತವೆ. ಪ್ಲೇಟುಗಳ ಹಿಡಿತ ಸಡಿಲವಾಗಿ ಕ್ಲಚ್ ಜಾರುತ್ತದೆ. ಎಂಜಿನ್ ಮತ್ತು ಚಕ್ರದ ವೇಗ ಹೊಂದಿಕೊಂಡ ಮೇಲೆ ಓರೆಗಳು ಇಳಿದು ಹಿಡಿತ ಮರಳುತ್ತದೆ.

ಅಸಿಸ್ಟ್ ಇರುವ ಕ್ಲಚ್ಚಿನಲ್ಲಿ ಎದುರು ದಿಕ್ಕಿಗೂ ಒಂದು ಓರೆ ಇದೆ. ಎಂಜಿನ್ ಎಳೆಯುವಾಗ ಅದು ಪ್ರೆಶರ್ ಪ್ಲೇಟನ್ನು ಒಳಕ್ಕೆ ಸೆಳೆದು ಹಿಡಿತ ಬಿಗಿ ಮಾಡುತ್ತದೆ. ಅದಕ್ಕೇ ಮೆದು ಸ್ಪ್ರಿಂಗು ಸಾಕು, ಹಲವು ಬೈಕುಗಳಲ್ಲಿ ಮೂರೇ ಇರುತ್ತವೆ. 2018ರ ರಾಯಲ್ ಎನ್‌ಫೀಲ್ಡ್ 650ಗಳಲ್ಲಿ, 2020ರ ಹೋಂಡಾ ಹೈನೆಸ್ ಸಿಬಿ350ಯಲ್ಲಿ ಲಿವರ್ ಅಷ್ಟು ಹಗುರವಾಗಿರಲು ಇದೂ ಕಾರಣ.

ಸ್ಲಿಪ್ಪರ್ ಇದ್ದರೆ ಎಂಜಿನ್ ಬ್ರೇಕ್ ಸಿಗುವುದಿಲ್ಲ ಎಂಬ ಮಾತಿದೆ. ಅದು ತಪ್ಪು. ದೇವರಾಯನದುರ್ಗದ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಥ್ರಾಟಲ್ ಮುಚ್ಚಿ ನಿಧಾನಕ್ಕೆ ಇಳಿದು ನೋಡಿ, ಎಂಜಿನ್ ಚೆನ್ನಾಗಿಯೇ ತಡೆಯುತ್ತದೆ. ಕತ್ತರಿಸಿ ಹೋಗುವುದು ಮಿತಿ ಮೀರಿದ ಹೊಡೆತ ಮಾತ್ರ. ಹಾಗೆಂದು ಟಾಪ್ ಗೇರಿನಿಂದ ನೇರ ಒಂದಕ್ಕೆ ಇಳಿಸಬಾರದು: ಸ್ವಲ್ಪ ಹಿಡಿತ ಯಾವಾಗಲೂ ಉಳಿದಿರುವುದರಿಂದ ಎಂಜಿನ್ ರೆಡ್‌ಲೈನ್ (ಸುರಕ್ಷಿತ ವೇಗದ ಮಿತಿ) ದಾಟಬಹುದು, ವಾಲ್ವ್ ಬಾಗಬಹುದು. ಗೇರ್ ಇಳಿಸುವಾಗ ಲಿವರ್ ಬೆರಳಿಗೆ ಮಿಡಿದರೆ ಗಾಬರಿ ಬೇಡ, ಓರೆಗಳು ಕೆಲಸ ಮಾಡುತ್ತಿವೆ. ಬ್ಯಾಟರಿ ದುರ್ಬಲವಾದಾಗ ತಳ್ಳಿ ಸ್ಟಾರ್ಟ್ ಮಾಡುವುದಾದರೆ, ಕ್ಲಚ್ ಜಾರಿಬಿಡಬಹುದಾದ್ದರಿಂದ ಒಂದನೇ ಗೇರ್ ಬಿಟ್ಟು ಎರಡು ಅಥವಾ ಮೂರರಲ್ಲಿ ಪ್ರಯತ್ನಿಸಿ.

ಹೆಚ್ಚಿನ ದೂರುಗಳು ಎಣ್ಣೆ ಮತ್ತು ಕೇಬಲ್ಲಿನಿಂದ ಹುಟ್ಟುತ್ತವೆ. ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 (ಎಣ್ಣೆಯಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಹೊಂದುವ ಎಣ್ಣೆಯ ಗುರುತು) ಇರಲೇಬೇಕು; ಕಾರಿನ ಎಣ್ಣೆಯಲ್ಲಿ ಘರ್ಷಣೆ ಇಳಿಸುವ ರಾಸಾಯನಿಕ ಇರಬಹುದು, ಆಗ ಎಂಜಿನ್ ಎಳೆಯುವಾಗಲೂ ಪ್ಲೇಟು ಜಾರುತ್ತದೆ. ಲಿವರ್ ತುದಿಯಲ್ಲಿ ಪ್ಲೇ, ಅಂದರೆ ಕೇಬಲ್ ಬಿಗಿಯುವ ಮುಂಚಿನ ಸಡಿಲ ಓಡಾಟ, ಹಲವು ಬೈಕುಗಳಿಗೆ 10ರಿಂದ 20 ಮಿ.ಮೀ. ಪ್ಲೇ ಇಲ್ಲದಿದ್ದರೆ ಲಿವರನ್ನು ಸದಾ ಅರ್ಧ ಒತ್ತಿ ಹಿಡಿದಂತೆಯೇ. ಸ್ಪ್ರಿಂಗು ಮೆದುವಿರುವ ಅಸಿಸ್ಟ್ ಕ್ಲಚ್ಚಿಗೆ ಇದರ ಪೆಟ್ಟು ಬೇಗ ತಾಗುತ್ತದೆ.

ಕವರ್ ಬಿಚ್ಚಿದರೆ ಫ್ರಿಕ್ಷನ್ ಪ್ಲೇಟಿನ ದಪ್ಪ, ಸ್ಪ್ರಿಂಗಿನ ಉದ್ದ ಅಳೆದು ಮ್ಯಾನುಯಲ್ ಜೊತೆ ಹೋಲಿಸಿ. ಸ್ಟೀಲ್ ಪ್ಲೇಟನ್ನು ಗಾಜಿನ ಮೇಲಿಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿ: 0.3 ಮಿ.ಮೀ. ಗೇಜ್ ಒಳಹೋದರೆ ಸಾಮಾನ್ಯವಾಗಿ ಅದು ಬಾಗಿ ಕೆಟ್ಟಿದೆ ಎಂದರ್ಥ. ಓರೆಗಳ ಮೇಲೆ ಉಗುರಿಗೆ ಸಿಗುವ ಗೀರು, ಬಾಸ್ಕೆಟ್ಟಿನ (ಪ್ಲೇಟುಗಳು ಕೂರುವ ಹೊರಗೂಡು) ಬೆರಳುಗಳಲ್ಲಿ ಪ್ಲೇಟು ಕೊರೆದ ಕಚ್ಚು ಇವೆಯೇ ನೋಡಿ. ಹೊಸ ಪ್ಲೇಟುಗಳನ್ನು ಎಂಜಿನ್ ಎಣ್ಣೆಯಲ್ಲಿ ನೆನೆಸಿಯೇ ಹಾಕಬೇಕು.

ಜೋಡಿಸುವಾಗ ಪ್ರೆಶರ್ ಪ್ಲೇಟಿನ ಓರೆಗಳು ಹಬ್ಬಿನ ಓರೆಗಳಲ್ಲಿ ಪೂರ್ತಿ ಕೂತಿವೆಯೇ ಎಂದು ಕೈಯಲ್ಲೇ ಅತ್ತಿತ್ತ ತಿರುಗಿಸಿ ಖಾತ್ರಿ ಮಾಡಿಕೊಳ್ಳಿ. ತುದಿಯ ಮೇಲೆ ನಿಂತಿರುವಾಗಲೇ ಬೋಲ್ಟ್ ಬಿಗಿದರೆ ಅಲ್ಯುಮಿನಿಯಂ ಕಂಬ ಮುರಿಯುತ್ತದೆ. ಎಲ್ಲ ಬೋಲ್ಟುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ ಮ್ಯಾನುಯಲ್ ಹೇಳಿದಷ್ಟು.

ಕ್ಲಚ್ ಜಾರುತ್ತಿದೆ ಎಂದರೆ ಗಟ್ಟಿ ಸ್ಪ್ರಿಂಗು ಹಾಕಿಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಒಪ್ಪಬೇಡಿ. ಗಟ್ಟಿ ಸ್ಪ್ರಿಂಗನ್ನು ಓರೆಗಳು ಸುಲಭಕ್ಕೆ ಎತ್ತಲಾರವು. ಲಿವರ್ ಭಾರವಾಗುತ್ತದೆ, ಸವೆದ ಪ್ಲೇಟು ಹಾಗೇ ಉಳಿಯುತ್ತದೆ, ಗೇರ್ ಇಳಿಸಿದಾಗ ಹಿಂದಿನ ಚಕ್ರ ಮತ್ತೆ ಕುಪ್ಪಳಿಸತೊಡಗುತ್ತದೆ.