ಮೂರನೇ ನಂಬರಿನ ಬಿಳಿ ಅಂಗಿ

ನೋಡಬೇಕೆಂದುಕೊಂಡಿದ್ದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಕ್ರೀಡಾಂಗಣ. ಬ್ರಿಟನ್ನಿನಲ್ಲಿ ದುಂಡನೆಯ ಟ್ರ್ಯಾಕಿನ ಮೇಲೆ ಯಾಂತ್ರಿಕ ಮೊಲದ ಬೆನ್ನತ್ತಿ ಓಟದ ನಾಯಿಗಳಾದ ಗ್ರೇಹೌಂಡ್‌ಗಳು ಮೊದಲು ಓಡಿದ್ದು ಅಲ್ಲಿ, 1926ರ ಜುಲೈ 24ರಂದು. ಅದು 2020ರಲ್ಲೇ ಮುಚ್ಚಿದೆ ಎಂದು ಗೊತ್ತಾಗಿದ್ದು ಊರು ತಲುಪಿದ ಮೇಲೆ. ವಿಚಾರಿಸದೆ ಹೊರಟದ್ದು ನನ್ನ ಪೆದ್ದುತನ. ಸರಿ, ಬಂದದ್ದಾಯಿತಲ್ಲ ಎಂದು ಒಂದು ಶನಿವಾರ ಸಂಜೆ ಉತ್ತರ ಇಂಗ್ಲೆಂಡಿನ ಇನ್ನೊಂದು ಟ್ರ್ಯಾಕಿಗೆ ಹೋದೆ. ಅದರ ಹೆಸರು ಬೇಡ.

ಕ್ರೌರ್ಯ ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಎದುರಾದದ್ದು ಜಾತ್ರೆಯ ವಾತಾವರಣ. ಹುಟ್ಟುಹಬ್ಬದ ಟೋಪಿ ಹಾಕಿಕೊಂಡ ಮಕ್ಕಳು, ಚಿಪ್ಸ್ ಮೇಲೆ ಸುರಿದ ವಿನೆಗರ್ ವಾಸನೆ, ಬಿಯರ್ ಹಿಡಿದ ಅಜ್ಜಂದಿರು.

ಓಟಕ್ಕೆ ಮುಂಚೆ ಆರು ನಾಯಿಗಳನ್ನು ನಮ್ಮ ಮುಂದೆ ನಡೆಸಿಕೊಂಡು ಹೋದರು. ಒಂದಕ್ಕೆ ಕೆಂಪು ಅಂಗಿ, ಎರಡಕ್ಕೆ ನೀಲಿ, ಮೂರಕ್ಕೆ ಬಿಳಿ, ನಾಲ್ಕಕ್ಕೆ ಕಪ್ಪು, ಐದಕ್ಕೆ ಕಿತ್ತಳೆ, ಆರಕ್ಕೆ ಕಪ್ಪು-ಬಿಳಿ ಪಟ್ಟೆ. ಮುಧೋಳ ನಾಯಿ ನೋಡಿದವರಿಗೆ ಈ ಮೈಕಟ್ಟು ಹೊಸದಲ್ಲ: ಕಂಸದಂತೆ ಬಾಗಿದ ಹೊಟ್ಟೆ, ತೆಳು ಚರ್ಮದಡಿ ಎಣಿಸಬಹುದಾದ ಪಕ್ಕೆಲುಬು. ಬಾಯಿಗೆಲ್ಲ ಕುಕ್ಕೆ. ಮೂರನೆಯದು ನನ್ನ ಕಡೆ ತಿರುಗಿ ನೋಡಿತು ಅನ್ನಿಸಿತು. ನೋಡಿರಲಿಕ್ಕಿಲ್ಲ. ಆದರೂ ಅದರ ಮೇಲೆ ಎರಡು ಪೌಂಡ್ ಕಟ್ಟಿದೆ.

ಮೊಲವೆಂದರೆ ಹಳಿಯ ಮೇಲೆ ಗಡಗಡ ಬರುವ ಬಟ್ಟೆಯ ಗೊಂಬೆ. ಅದು ನಾಯಿಗಳನ್ನು ನಿಲ್ಲಿಸಿದ್ದ ಪೆಟ್ಟಿಗೆಗಳನ್ನು ದಾಟಿದ್ದೇ ತಡ, ಬಾಗಿಲು ಮೇಲಕ್ಕೆ ಹಾರಿತು. ಆಮೇಲೆ ಅರ್ಧ ನಿಮಿಷವೂ ಇಲ್ಲ. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದ ಆರು ಮೈಗಳು ಮೊದಲ ತಿರುವಿನಲ್ಲಿ ಒಂದೇ ಜಾಗಕ್ಕೆ ನುಗ್ಗಿದವು. ಬಿಳಿ ಅಂಗಿ ಮುಗ್ಗರಿಸಿತು. "ಥೂ, ಹೋಯ್ತು!" ಎಂದೆ, ಕನ್ನಡದಲ್ಲೇ, ಜೋರಾಗಿ. ಹೋದದ್ದು ನನ್ನ ಎರಡು ಪೌಂಡ್. ನಾಯಿ ಹಿಂಗಾಲೊಂದನ್ನು ನೆಲಕ್ಕೆ ಊರದೆ ಮೂರೇ ಕಾಲಿನಲ್ಲಿ ಉಳಿದವುಗಳ ಹಿಂದೆ ಇನ್ನೂ ಕುಂಟುತ್ತಿತ್ತು ಎನ್ನುವುದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ. ಮೊದಲ ಚಿಂತೆ ದುಡ್ಡಿನದಾಯಿತಲ್ಲ, ಅದು ಈಗಲೂ ಚುಚ್ಚುತ್ತದೆ.

ಪಶುವೈದ್ಯರು ಬಂದರು. ಪರವಾನಗಿಯ ಟ್ರ್ಯಾಕಿನಲ್ಲಿ ಅವರು ಇರಲೇಬೇಕು. ಪಕ್ಕದ ಅಜ್ಜ ಸಮಾಧಾನ ಹೇಳಿದರು: ಯಾರೂ ಹೊಡೆದು ಓಡಿಸುವುದಿಲ್ಲ, ಅವಕ್ಕೆ ಓಟವೆಂದರೆ ಪ್ರಾಣ. ಸುಳ್ಳಲ್ಲ. ಮೂರು ಕಾಲಿನಲ್ಲೂ ಓಡಿದ್ದನ್ನು ನಾನೇ ಕಂಡಿದ್ದೆನಲ್ಲ! ಆದರೆ ನಾಯಿಗೆ ಓಡುವ ಆಸೆಯಿದೆ, ತಿರುವು ಹಾಕಿದ್ದು ಮನುಷ್ಯ. ಓಟ ಯಾವಾಗಲೂ ಎಡಕ್ಕೇ ಸುತ್ತುವುದರಿಂದ ಬಲ ಹಿಂಗಾಲಿನ ಗೆಣ್ಣಿಗೆ ವಿಪರೀತ ಭಾರ ಬಿದ್ದು, ಅಲ್ಲಿನ ಪುಟ್ಟ ಮೂಳೆಗಳು ಮುರಿಯುತ್ತವೆ. ಬ್ರಿಟನ್ನಿನ ರೇಸ್ ಮಂಡಳಿಯೇ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ಟ್ರ್ಯಾಕಿನ ಮೇಲೆ 3,809 ಗಾಯಗಳಾಗಿವೆ, 123 ನಾಯಿಗಳು ಸತ್ತಿವೆ. ಒಂದೊಂದು ನಾಯಿ ಓಡಿದ್ದನ್ನೂ ಒಂದೊಂದು ಸಲವೆಂದು ಎಣಿಸಿದರೆ ಗಾಯಗಳು ಶೇಕಡಾ ಒಂದರ ಆಸುಪಾಸು ಎನ್ನುವುದು ಅವರ ಸಮರ್ಥನೆ. ನಾನು ಕೂತಿದ್ದು ಒಂದೇ ಸಂಜೆ.

ನ್ಯೂಜಿಲೆಂಡ್ 2024ರ ಡಿಸೆಂಬರಿನಲ್ಲಿ ಈ ಆಟ ನಿಲ್ಲಿಸುವುದಾಗಿ ಸಾರಿತು, ಎರಡು ತಿಂಗಳಿಗೆ ವೇಲ್ಸ್ ಕೂಡ. ಇಂಗ್ಲೆಂಡ್ ಮಾತ್ರ ಸುಧಾರಿಸಿಕೊಂಡು ಹೋಗೋಣ ಎನ್ನುತ್ತಿದೆ.

ಗೇಟಿನ ಹತ್ತಿರ ಒಬ್ಬ ಹೆಂಗಸು ನಿವೃತ್ತ ಗ್ರೇಹೌಂಡ್ ಒಂದನ್ನು ಹಿಡಿದು ನಿಂತಿದ್ದರು. ಇಂಥವನ್ನು ಮನೆಗೆ ಸೇರಿಸುವುದು ಅವರ ಕೆಲಸ. ನಾಯಿಗೆ ಐದು ವರ್ಷ; ಇದರ ಜಾತಿ ಹನ್ನೆರಡರ ಮೇಲೂ ಬದುಕುತ್ತದೆ. ಓಟ ಮುಗಿದ ಮೇಲಿನ ಈ ಏಳೆಂಟು ವರ್ಷ ಸಾಕುವವರು ಯಾರು? ಅವರು ಅದರ ಕಿವಿ ಮಡಚಿ ತೋರಿಸಿದರು. ಒಳಗೆ ಹಸಿರು ಹಚ್ಚೆಯ ಅಕ್ಷರಗಳು, ಎರಡೂ ಕಿವಿಯಲ್ಲಿ. ಅಂದರೆ ಐರ್ಲೆಂಡಿನಲ್ಲಿ ಹುಟ್ಟಿದ್ದು. ಇಲ್ಲಿ ಓಡುವ ಬಹುಪಾಲು ನಾಯಿಗಳು ಅಲ್ಲಿಂದಲೇ ಬರುತ್ತವೆ. ಮೆಟ್ಟಿಲು ಹತ್ತಲು ಇದಕ್ಕೆ ಬರುತ್ತಿರಲಿಲ್ಲವಂತೆ, ಗಾಜಿನ ಬಾಗಿಲು ಕಂಡರೆ ನೇರ ಹೋಗಿ ಡಿಕ್ಕಿ ಹೊಡೆಯುತ್ತಿತ್ತಂತೆ. ಈಗ ದಿನವಿಡೀ ಸೋಫಾದ ಮೇಲೆ ನಿದ್ದೆ. ಅದು ಬಂದು ನನ್ನ ತೊಡೆಗೆ ಪೂರ್ತಿ ಭಾರ ಹಾಕಿ ಒರಗಿತು.

ಅಷ್ಟರಲ್ಲಿ ಒಳಗೆ ಮುಂದಿನ ಓಟದ ಮೊಲ ಗಡಗಡ ಹೊರಟಿತು. ನಾಯಿಯ ಕಿವಿ ನೆಟ್ಟಗಾಯಿತು, ಮೈಯಲ್ಲಿ ನಡುಕ ಹುಟ್ಟಿತು. ಆಕೆ ಮಾತು ನಿಲ್ಲಿಸದೆಯೇ ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.